ಹೆಣ್ಣು ನೋಡಲು ಬಂದವರ ಎಮ್ಮೆ

ನಮ್ಮ ಡಾಬಕಾ ಕಡೆ ಮಗ್ಗಿ ತಪ್ಪಿದ ಮಕ್ಕಳಿಗೆ ಮಾಸ್ತರರು ಕೊಡುವ ಶಾಪ ಒಂದೇ: ‘ಹೋಗು, ದನ ಕಾಯಿ!’ ನಾನು ಮಗ್ಗಿ ತಪ್ಪಿದವಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕಗಳೂ ಬಂದವು. ಆ ಅಂಕದ ಬಲದಿಂದಲೇ ಮೆರಿಟ್ ಪಟ್ಟಿ ಹತ್ತಿ, ಫೀ ಕಟ್ಟಿ, ಹಾಸ್ಟೆಲಿಗೆ ಟ್ರಂಕು ಹೊತ್ತುಕೊಂಡು ಹೋಗಿ ದನದ ಬಾಲ ಹಿಡಿದೆ. ಸುದ್ದಿ ಕೇಳಿದ ಮಾಸ್ತರರು, ‘ಅದಕ್ಕೂ ಮೆರಿಟ್ ಅದನಾ?’ ಎಂದು ಕನ್ನಡಕ ತೆಗೆದು ಒರೆಸಿಕೊಂಡರಂತೆ.

ಅದೆ. ಪಶುಸಂಗೋಪನಾ ಡಿಪ್ಲೊಮಾ ಎಂದು ಅದರ ಹೆಸರು, ಎರಡು ವರ್ಷದ ಓದು. ಡಾಕ್ಟರಾಗಬೇಕಾದರೆ ಐದೂವರೆ ವರ್ಷ ಓದಬೇಕು. ಆ ಡಾಕ್ಟರರನ್ನು ತಯಾರಿಸುವ ವಿಶ್ವವಿದ್ಯಾಲಯ ನಮ್ಮ ಬೀದರಿನ ನಂದಿನಗರದಲ್ಲೇ ಇದೆ. 2004ರ ಕಾಯ್ದೆಯಿಂದ ಹುಟ್ಟಿದ್ದು. ಪಶು ಅಷ್ಟೇ ಅಲ್ಲ, ಮೀನುಗಾರಿಕೆಯೂ ಅದರ ಹೆಸರಿನಲ್ಲೇ ಸೇರಿದೆ. ಹೀಗಾಗಿ ಕಡಲ ದಂಡೆಯ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕಾಗದಪತ್ರಗಳು ಕಡಲನ್ನೇ ಕಾಣದ ಬೀದರಿಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತವೆ. ಯಾವ ಕೆಲಸಕ್ಕೂ ಬೆಂಗಳೂರಿನ ಬಸ್ಸು ಹತ್ತಿಯೇ ಸುಸ್ತಾದ ನಮ್ಮ ಜಿಲ್ಲೆಗೆ ಇದೊಂದು ಸಣ್ಣ ಸೇಡು.

ಡಾಕ್ಟರಿಗೂ ನಮಗೂ ನಡುವಿನ ಗೆರೆಯನ್ನು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಎಳೆದಿದೆ. ನಮ್ಮಂಥವರು ನೋಂದಾಯಿತ ಪಶುವೈದ್ಯರ ಮೇಲುಸ್ತುವಾರಿಯಲ್ಲಿ ಕಿರು ಸೇವೆ ಮಾಡಬಹುದು, ಅಷ್ಟೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದದ್ದೂ ಆಯಿತು. ಆದರೆ ನಮ್ಮೂರಿಗೆ ಈ ಕಾಯ್ದೆ ಇನ್ನೂ ಬಂದಿಲ್ಲ. ಮೊದಲ ರಜೆಗೆ ಬಸ್ಸಿಳಿದಾಗಲೇ ಕಟ್ಟೆಯ ಮೇಲಿದ್ದವರು ‘ಡಾಕ್ಟರ್ ಬಾಯಿ ಬಂದಳು’ ಎಂದು ಘೋಷಿಸಿಬಿಟ್ಟರು. ಆಗ ನಾನು ಕಲಿತಿದ್ದು ಎಲುಬಿನ ಹೆಸರುಗಳು ಮಾತ್ರ. ಎಲುಬಿನ ಹೆಸರು ಹೇಳಿದರೆ ಯಾವ ಆಕಳೂ ಎದ್ದು ನಿಲ್ಲುವುದಿಲ್ಲ.

ಎಲುಬು ಮುಗಿದ ಮೇಲೆ ಕಾಲೇಜಿನಲ್ಲಿ ಕಲಿಸಿದ್ದು ದನವನ್ನು ಕೆಡವುವುದು. ಉದ್ದನೆಯ ಹಗ್ಗದ ಒಂದು ತುದಿಯನ್ನು ಕೊರಳಿಗೆ ಜಾರದ ಗಂಟು ಹಾಕಿ ಕಟ್ಟಬೇಕು. ಅಲ್ಲಿಂದ ಬೆನ್ನಗುಂಟ ತಂದು ಮುಂಗಾಲ ಹಿಂದೆ ಎದೆಗೆ ಒಂದು ಸುತ್ತು, ಕೆಚ್ಚಲ ಮುಂದೆ ಹೊಟ್ಟೆಗೆ ಇನ್ನೊಂದು ಸುತ್ತು. ಹಿಂದೆ ನಿಂತು ಸಮನಾಗಿ ಎಳೆದರೆ ಎಂಥ ದನವೂ ಮೊಣಕಾಲು ಮಡಚಿ ಮೆಲ್ಲಗೆ ಕೂತುಬಿಡುತ್ತದೆ. ರೂಫ್ ವಿಧಾನ ಎಂದು ಇದರ ಹೆಸರು. ನಮಗೆ ಸಿಕ್ಕ ಆಕಳು ಎಷ್ಟೋ ಬ್ಯಾಚುಗಳನ್ನು ಪಾಸು ಮಾಡಿಸಿದ ಅನುಭವಿ. ಕೊರಳಿಗೆ ಗಂಟು ಬೀಳುವ ಮೊದಲೇ, ಹಗ್ಗ ಕಂಡದ್ದೇ ತಡ, ತಾನಾಗಿ ಮಲಗಿ ಮೆಲುಕು ಹಾಕತೊಡಗುತ್ತಿತ್ತು. ನಾವು ಮಲಗಿದ ಆಕಳಿಗೆ ಸುತ್ತು ಹಾಕಿ, ಎಳೆದಂತೆ ಮಾಡಿ, ಪೂರ್ತಿ ಅಂಕ ತೆಗೆದೆವು.

ಊರಿನ ಪರೀಕ್ಷಕರು ಅಷ್ಟು ಸಡಿಲ ಇರಲಿಲ್ಲ. ನಮ್ಮ ಮುತ್ಯಾ ಒಂದು ಕಾಲಕ್ಕೆ ದನದ ಸಂತೆಗಳಲ್ಲಿ ಬಾಯಿ ತೆರೆದು ವಯಸ್ಸು ಹೇಳುವುದರಲ್ಲಿ ಹೆಸರಾದವನು. ಎರಡು ಹಲ್ಲು, ನಾಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ತುಟಿ ಎತ್ತುವಷ್ಟರಲ್ಲಿ ಹೇಳುತ್ತಿದ್ದ. ನಾನು ಪುಸ್ತಕ ಹಿಡಿದು ಕೂತಾಗ ಕೇಳಿದ:

‘ಆಕಳಿಗಿ ಮ್ಯಾಲಿನ ಮುಂದಿನ ಹಲ್ಲು ಎಷ್ಟವಾ?’

‘ಒಂದೂ ಇಲ್ಲ ಮುತ್ಯಾ. ಕೆಳಗ ಎಂಟು, ದವಡಿಗಿ ಇಪ್ಪತ್ನಾಕು. ಒಟ್ಟ ಮೂವತ್ತೆರಡು.’

‘ಮ್ಯಾಲಿನ ಲೆಕ್ಕ ನಂದೂ ಅಷ್ಟೇ,’ ಎಂದು ಬೊಚ್ಚುಬಾಯಿ ತೆರೆದು ತೋರಿಸಿದ. ‘ನನ್ನ ವಯಸ್ಸು ಹೇಳು ನೋಡಮ್.’

ದೇವಣಿ ತಳಿಯ ಪಾಠ ಬಂದಾಗ ಮುತ್ಯಾನಿಗೆ ನಮ್ಮ ಓದಿನ ಮೇಲೆ ಇದ್ದ ಅರೆಬರೆ ಗೌರವವೂ ಹೋಯಿತು. ಗಡಿಯಾಚೆ ಲಾತೂರ ಜಿಲ್ಲೆಯ ದೇವಣಿ ಅದರ ತವರು. ನಮ್ಮ ಔರಾದ, ಭಾಲ್ಕಿಯ ಹೊಲಗಳಲ್ಲೂ ಅದೇ ಎತ್ತು. ಭಾಲ್ಕಿ ತಾಲೂಕಿನ ಕಟ್ಟಿತೂಗಾಂವದಲ್ಲಿ ವಿಶ್ವವಿದ್ಯಾಲಯದವರು ಆ ತಳಿಗೆಂದೇ ಕೇಂದ್ರ ಮಾಡಿದ್ದಾರೆ. ಬಿಳಿ ಮೈ, ಮೋರೆಯ ಪಕ್ಕ ಕಪ್ಪು ಇದ್ದರೆ ವಾನೇರಾ. ಮೈಮೇಲೆಲ್ಲ ಕಪ್ಪು ಮಚ್ಚೆ ಚೆಲ್ಲಿದ್ದರೆ ವಾಘ್ಯಾ. ಹೊಟ್ಟೆಯ ಕೆಳಗಷ್ಟೇ ಚುಕ್ಕೆ ಇದ್ದರೆ ಬಾಳಂಕ್ಯಾ. ‘ಇದಕ್ಕ ಮಾರ್ಕು ಕೊಡ್ತಾರಾ?’ ಎಂದು ಮುತ್ಯಾ ಬೆರಗಾದ. ‘ಅಂದ್ರ ನಾ ಎಂದೋ ಡಿಪ್ಲೊಮಾ ಆದಂವ.’

ಬಾಯಿಲ್ಲದ ಪ್ರಾಣಿಗೆ ಮದ್ದು ಮಾಡುವುದು ಕಷ್ಟ ಎಂದು ಜನ ಮರುಗುತ್ತಾರೆ. ನಿಜವಾದ ಕಷ್ಟ ಬಾಯಿರುವ ಮಾಲಕರದು. ಡಾಬಕಾದಲ್ಲಿ ಒಂದು ಎಮ್ಮೆಯ ಕಥೆ ಕನ್ನಡದಲ್ಲಿ ಶುರುವಾಗಿ, ಮರಾಠಿಗೆ ಹೊರಳಿ, ಬೈಗುಳ ಬಂದಾಗ ಉರ್ದುವಿಗೆ ಇಳಿಯುತ್ತದೆ. ‘ಯಾವಾಗಿನಿಂದ ಮೇವು ತಿನ್ನವಲ್ದು?’ ಎಂದರೆ ಸೊಸೆ ಮನೆಗೆ ಬಂದ ದಿನದಿಂದ ಲೆಕ್ಕ ಹೇಳುತ್ತಾರೆ. ಒಮ್ಮೆ ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತ, ಹುಳಿ ವಾಸನೆಯ ಸಗಣಿ ಹಾಕುತ್ತಿದ್ದ ಎಮ್ಮೆ. ನಮ್ಮ ದನದ ದವಾಖಾನೆಯ ಡಾಕ್ಟರರು ಏನು ತಿಂದಿತ್ತೆಂದು ಕೇಳಿದರು. ‘ಏನೂ ಇಲ್ರಿ, ಬರೀ ಕಣಕಿ,’ ಎಂದ ಮಾಲಕ. ಮೂರು ಸಲ ಕೇಳಿದರೂ ಬರೀ ಕಣಕಿ. ಗೋಡೆಗೆ ಒರಗಿ ನಿಂತಿದ್ದ ಅವನ ಸಣ್ಣ ಮಗ ಬೆರಳು ಚೀಪುವುದನ್ನು ಬಿಟ್ಟು, ‘ಅಕ್ಕನ ಲಗ್ನದ ಹುಗ್ಗಿ ಒಂದ್ ಪರಾತ ತಿಂದಾದ್ರಿ,’ ಎಂದ. ಗೋಧಿ ಹುಗ್ಗಿ, ಮೇಲೆ ಬೆಲ್ಲ. ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಮೊದಲಿನದು ಹುಲ್ಲು ಕೊಳೆಯಿಸಲು ಇದ್ದದ್ದು; ಅದಕ್ಕೆ ಒಮ್ಮೆಲೇ ಇಷ್ಟು ಹಿಟ್ಟು ಸಕ್ಕರೆ ಬಿದ್ದರೆ ಒಳಗೆಲ್ಲ ಆಮ್ಲ ಏರಿ ಜೀವಕ್ಕೇ ಸಂಚಕಾರ. ಲಗ್ನದ ಸೀಸನ್ನಿನಲ್ಲಿ ದನದ ದವಾಖಾನೆಗೂ ಸೀಸನ್ನು. ಡಾಕ್ಟರರು ಅಡಿಗೆ ಸೋಡಾದಿಂದ ಶುರುಮಾಡಿ ಸಲಾಯಿನ್‌ವರೆಗೆ ಹೋದರು. ನಾನು ಬಾಟಲಿ ಎತ್ತಿ ಹಿಡಿದು ನಿಂತಿದ್ದೆ. ಕಾಯ್ದೆ ಹೇಳುವ ಕಿರು ಸೇವೆ ಎಂದರೆ ಬಹುಪಾಲು ಇದೇ: ತೋಳು ಸೋಲುವ ತನಕ ಬಾಟಲಿ ಹಿಡಿಯುವುದು.

ಮುತ್ಯಾನ ಜೊತೆ ನನಗೆ ನಿಜವಾದ ಜಗಳ ಆದದ್ದು ಗುಳಿಗೆಯ ವಿಷಯಕ್ಕೆ. ನಮ್ಮ ಎತ್ತು ಕುಂಟುತ್ತಿತ್ತು. ಮುತ್ಯಾ ತನ್ನ ಮೊಣಕಾಲು ನೋವಿನ ಡೈಕ್ಲೋಫಿನ್ಯಾಕ್ ಗುಳಿಗೆಗಳನ್ನು ಬೆಲ್ಲದ ಉಂಡೆಯಲ್ಲಿ ಹುದುಗಿಸಿ ಎತ್ತಿನ ಬಾಯಿಗೆ ಇಡಲು ಹೊರಟಿದ್ದ. ನಾನು ಕೈ ಹಿಡಿದೆ. ದನಕ್ಕೆ ಆ ಮದ್ದು ಕೊಡುವುದನ್ನು ಸರಕಾರ 2006ರಲ್ಲೇ ನಿಷೇಧಿಸಿದೆ. ಅದನ್ನು ತಿಂದ ದನ ಸತ್ತು, ಆ ಹೆಣವನ್ನು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ದೇಶದಲ್ಲಿ ಲಕ್ಷಗಟ್ಟಲೆ ಇದ್ದ ರಣಹದ್ದುಗಳು ಕೆಲವೇ ವರ್ಷಗಳಲ್ಲಿ ಮಾಯವಾದದ್ದು ಹೀಗೆ. ಮುಂಬೈಯ ಪಾರಸಿಗಳು ತಮ್ಮ ಹೆಣಗಳನ್ನು ಹದ್ದಿಗೆ ಒಪ್ಪಿಸುವವರು, ಅವರಿಗೂ ಪೇಚಾಟಕ್ಕಿಟ್ಟುಕೊಂಡಿತು.

‘ನಾ ದಿನಾ ತಿಂತೀನಿ, ನಂಗೇನ್ ಆಗ್ಯಾದ?’ ಎಂದ ಮುತ್ಯಾ.

‘ನಿನ್ನ ಹದ್ದು ತಿನ್ನಲ್ಲ ಮುತ್ಯಾ, ಮಣ್ಣಿಗಿ ಇಡ್ತಾರ.’

ಸಂಜೆಯವರೆಗೆ ಮಾತು ಬಿಟ್ಟ. ಎತ್ತಿಗೆ ಡಾಕ್ಟರರು ಬೇರೆ ಇಂಜೆಕ್ಷನ್ನು, ಮೆಲಾಕ್ಸಿಕ್ಯಾಮ್ ಕೊಟ್ಟು ಹೋದ ಮೇಲೆ ಮಾತ್ರ, ಅದು ತನ್ನ ಮೊಣಕಾಲಿಗೂ ಆಗುವುದೇ ಎಂದು ಕೇಳಲು ಬಂದ.

ಅವ್ವನ ಚಿಂತೆ ಹದ್ದಿನದಲ್ಲ, ಕೈಗವಸಿನದು. ಕೃತಕ ಗರ್ಭಧಾರಣೆ ನಮ್ಮ ಓದಿನ ಮುಖ್ಯ ಭಾಗ. ವೀರ್ಯದ ಕಡ್ಡಿಯನ್ನು ದ್ರವ ಸಾರಜನಕದ ಕ್ಯಾನಿನಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ ಇಟ್ಟಿರುತ್ತಾರೆ. ತೆಗೆದು 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಗನ್ನಿಗೆ ಏರಿಸಬೇಕು. ಆಮೇಲೆ ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ತೊಟ್ಟು, ಎಡಗೈಯನ್ನು ಆಕಳ ಗುದದೊಳಗೆ ಹಾಕಿ, ಗರ್ಭದ ಕೊರಳನ್ನು ತಡಕಿ ಹಿಡಿದು, ಬಲಗೈಯಿಂದ ಗನ್ನು ದಾಟಿಸಬೇಕು. ಕಾಣುವುದು ಏನೂ ಇಲ್ಲ, ಎಲ್ಲ ಬೆರಳ ತುದಿಯ ವಿದ್ಯೆ. ನನಗೆ ಇದು ಚೆನ್ನಾಗಿ ಒಲಿಯಿತು. ಆದರೆ ಅವ್ವ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದಳು. ‘ಅದೇ ಕೈಯಾಗ ರೊಟ್ಟಿ ಬಡೀತಾಳಂದ್ರ ಯಾರ್ ಮಾಡ್ಕೋತಾರ?’

ಓದು ಮುಗಿದು ನೌಕರಿಯ ಪರೀಕ್ಷೆಗಳನ್ನು ಬರೆಯುತ್ತ ಕೂತ ವರ್ಷಗಳಲ್ಲಿ ಭಾಲ್ಕಿ ಕಡೆಯಿಂದ ಒಂದು ಸಂಬಂಧ ಬಂತು. ಜೀಪಿನ ತುಂಬ ಮಂದಿ. ನಾನು ಸೀರೆ ಉಟ್ಟು ಸುಸಲಾ, ಚಹಾ ತಂದಿಟ್ಟು ಚಾಪೆಯ ಮೇಲೆ ಕೂತೆ. ಹೆಸರು ಕೇಳಿದರು, ಅಡಿಗೆ ಕೇಳಿದರು. ಏನು ಓದಿದ್ದೀ ಎಂದಾಗ ಅವ್ವ ಮಧ್ಯೆ ಬಾಯಿ ಹಾಕಿ, ‘ಡಿಪ್ಲೊಮಾ ಆಗ್ಯಾದ್ರಿ,’ ಎಂದು ಅಲ್ಲಿಗೇ ಮುಗಿಸಿದಳು. ಆದರೆ ಹುಡುಗನ ಅಪ್ಪನಿಗೆ ಎಲ್ಲ ಗೊತ್ತಿತ್ತು. ಚಹಾದ ಬಟ್ಟಲು ಕೆಳಗಿಟ್ಟು ಹತ್ತಿರ ಸರಿದರು.

‘ಅಲ್ಲವಾ, ನಮ್ಮ ಎಮ್ಮಿ ಗಬ್ಬ ನಿಂದ್ರವಲ್ದು. ಏನ್ ಮಾಡಬೇಕು?’

‘ಬೆದಿಗಿ ಬಂದಿದ್ದು ಗುರ್ತು ಹಿಡೀತೀರೇನ್ರಿ ಕಾಕಾ?’

‘ಒದರೋದೇ ಇಲ್ಲಲ್ಲವಾ!’

‘ಬ್ಯಾಸಗಿದಾಗ ಎಮ್ಮಿ ಒದರಲ್ರಿ. ಮೂಕಬೆದಿ ಇರ್ತದ. ರಾತ್ರಿ, ನಸುಕಿನ್ಯಾಗ ಎದ್ದು ನೋಡ್ರಿ, ಲೋಳಿ ಬಿದ್ದಿರ್ತದ, ಹಾಲು ಕಡಿಮಿ ಆಗಿರ್ತದ. ಮುಂಜಾನಿ ಕಂಡ್ರ ಸಂಜಿಗಿ ಗಬ್ಬದ ಇಂಜೆಕ್ಷನ್ ಮಾಡಿಸ್ರಿ, ಸಂಜಿಗಿ ಕಂಡ್ರ ಮರುದಿನ ಮುಂಜಾನಿ. ಮಧ್ಯಾಹ್ನ ಮೈಮ್ಯಾಲ ನೀರು ಹಾಕ್ರಿ. ಇಂಜೆಕ್ಷನ್ ಆದಮ್ಯಾಲ ಇಪ್ಪತ್ತೊಂದು ದಿನ ಬಿಟ್ಟು ಮತ್ತ ಬೆದಿಗಿ ಬರ್ತದೇನು ನೋಡ್ರಿ. ಬರ್ಲಿಲ್ಲಂದ್ರ ನಿಂತದಂತ ತಿಳೀರಿ.’

ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿಕೊಂಡರು. ಅವರ ಹೆಂಡತಿ, ‘ನಾ ಹೇಳಿದ್ದಿಲ್ಲಾ, ನಸುಕಿನ್ಯಾಗ ಏಳ್ರಿ ಅಂತ,’ ಎಂದು ಎಲ್ಲರ ಮುಂದೆ ಗಂಡನ ಮೇಲೆ ಒಂದು ಹಳೆಯ ಬಾಕಿ ತೀರಿಸಿದರು. ಅಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದ ಹುಡುಗ ಮೊದಲ ಬಾರಿಗೆ ಬಾಯಿ ಬಿಟ್ಟ. ‘ಕೈ… ಎಲ್ಲಿ ತನಕಾ ಹೋಗ್ತದರಿ?’ ಅವ್ವ ನನ್ನ ಕಡೆ ಕಣ್ಣು ಕೆಂಪು ಮಾಡಿದಳು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಕಾಲೇಜು ಕಲಿಸಿದ ಶಿಸ್ತು. ನಾನು ಸೆರಗು ಸರಿಸಿ ಎಡ ಭುಜದ ಹತ್ತಿರ ಬೆರಳಿಟ್ಟು ತೋರಿಸಿದೆ. ಹುಡುಗ ಕೈಯಲ್ಲಿದ್ದ ಸುಸಲಾ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟ.

ಹೊರಡುವಾಗ ಹಿರಿಯರು ಬಹಳ ಖುಷಿಯಲ್ಲಿದ್ದರು. ಜೀಪಿಗೆ ಒಂದು ಕಾಲಿಟ್ಟು, ಅಪ್ಪನ ಎರಡೂ ಕೈ ಹಿಡಿದು, ‘ಇಪ್ಪತ್ತೊಂದ್ ದಿನ ಬಿಟ್ಟು ಹೇಳಿ ಕಳಸ್ತೀವ್ರಿ,’ ಎಂದರು. ಜೀಪು ತಿರುವು ದಾಟುವ ತನಕ ಸುಮ್ಮನಿದ್ದ ಅವ್ವ ನನ್ನ ಕಡೆ ತಿರುಗಿದಳು.

‘ಏನ್ ಹೇಳಿ ಕಳಸ್ತಾರಂತ? ಎಮ್ಮಿದೋ, ನಿಂದೋ?’