ಗುಡುಗಿನಲ್ಲಿ ನಮ್ಮದೂ ಪಾಲುಂಟು

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಹೊಟ್ಟೆ ಕೆಟ್ಟರೆ ಮೊದಲು ಥಮ್ಸ್ ಅಪ್ ಕುಡಿಯುತ್ತಾರೆ. ಅದಕ್ಕೆ ಬಗ್ಗದಿದ್ದರೆ ಥಮ್ಸ್ ಅಪ್‌ಗೆ ಉಪ್ಪು, ನಿಂಬೆಹಣ್ಣು ಹಾಕಿ ಕುಡಿಯುತ್ತಾರೆ. ಅದೂ ಆಗಲಿಲ್ಲ ಎಂದಾದರೆ ಮಾತ್ರ ಡಾಕ್ಟರು. ಡಾಕ್ಟರ ಕ್ಲಿನಿಕ್ಕು ಸಾಧಾರಣವಾಗಿ ಮಹಡಿಯ ಮೇಲಿರುತ್ತದೆ, ಕೆಳಗೆ ಒಂದು ಜನರಲ್ ಸ್ಟೋರು ಇರುತ್ತದೆ, ಅದರ ಫ್ರಿಜ್ಜಿನ ತುಂಬ ಥಮ್ಸ್ ಅಪ್ ಇರುತ್ತದೆ. ಹಾಗಾಗಿ ರೋಗಿಗಳಲ್ಲಿ ಅರ್ಧ ಜನ ಮೆಟ್ಟಿಲು ಹತ್ತುವುದೇ ಇಲ್ಲ.

ನಾನು ಪುತ್ತೂರಿನ ಕಡೆಯವನು. ನಮ್ಮಲ್ಲಿ ಹೊಟ್ಟೆ ಉಬ್ಬರಿಸಿದರೆ ಜೀರಿಗೆ ಕಷಾಯ, ಸೆಕೆಗೆ ಪುನರ್ಪುಳಿ ಶರಬತ್ತು, ಇವೆರಡನ್ನೂ ಮೀರಿದ ತೊಂದರೆಗೆ ಇಂಗು ಹಾಕಿದ ಮಜ್ಜಿಗೆ. ಗ್ಯಾಸು ತುಂಬಿದ ಬಾಟಲಿಯೇ ಬೇಕು ಎಂದು ಹುಡುಗರು ಹಟ ಹಿಡಿದ ಕಾಲಕ್ಕೂ ನಾವು ಜೀರಿಗೆಯ ಕೈ ಬಿಡಲಿಲ್ಲ. ಬಿಂದು ಜೀರಾ ಹುಟ್ಟಿದ್ದು ನಮ್ಮೂರಲ್ಲೇ. ಇಂಥ ಸಾತ್ವಿಕ ಹಿನ್ನೆಲೆಯವನನ್ನು ಹೊಟ್ಟೆಪಾಡು ತಂದು ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇಯ ಕಂಬಗಳ ನೆರಳಿನಲ್ಲಿ ಬಾಡಿಗೆಗೆ ಕೂರಿಸಿದೆ. 2009ರಲ್ಲಿ ಸಂಚಾರಕ್ಕೆ ತೆರೆದ ಈ ಮೇಲ್ಸೇತುವೆ ಮೆಹದಿಪಟ್ಟಣಂನಿಂದ ಆರಾಮ್‌ಘರ್ ತನಕ 11.6 ಕಿಲೋಮೀಟರ್ ಓಡುತ್ತದೆ. ಅದು ಬಂದಮೇಲೆ ಇಲ್ಲಿ ವಿಳಾಸ ಅಂದರೆ ಪಿಲ್ಲರ್ ನಂಬರು. ಮನೆಗೆ ಬರುವವರಿಗೆ ನಂಬರು ಹೇಳಿ, "ಅಲ್ಲೇ ಥಮ್ಸ್ ಅಪ್ ಬೋರ್ಡಿನ ಅಂಗಡಿ ಕಾಣ್ತದೆ" ಅಂದರೆ, "ಸರಿ, ಯಾವ ಥಮ್ಸ್ ಅಪ್ ಬೋರ್ಡು?" ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ನ್ಯಾಯವಿದೆ.

ಹೆಂಡತಿ ಕಲಬುರಗಿಯವಳು. 1956ರ ತನಕ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಆಮೇಲೆ ನಕ್ಷೆ ಬದಲಾಯಿತು, ನಾಲಗೆ ಬದಲಾಗಲಿಲ್ಲ. ನಮ್ಮ ಅತ್ತೆ ಊರಿಂದ ಬಂದು ಮೆಹದಿಪಟ್ಟಣಂನಲ್ಲಿ ಬಸ್ಸಿಳಿದರೆ ಆಟೋದವನ ಜೊತೆ ದಖನಿಯಲ್ಲಿ ಚೌಕಾಸಿ ಮಾಡಿ, ಮಗಳ ಹೊಸ್ತಿಲು ದಾಟುವ ಮೊದಲೇ ಆಜ್ಞೆ ಹೊರಡಿಸುತ್ತಾರೆ: "ಛಾ ಆಮ್ಯಾಗ್ ಮಾಡವ್ವ. ಮೊದ್ಲ ಒಂದ್ ಥಂಬ್ಸಪ್ ತರ್ಸು." ಊರಾಭಿಮಾನ ತಡೆಯದೆ ನಾನೊಮ್ಮೆ ಬಿಂದು ಜೀರಾ ತರಿಸಿ ಮುಂದಿಟ್ಟೆ. ಅಳಿಯನ ಮಾನ ಕಾಯಬೇಕಲ್ಲ, ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು: "ಛಲೋ ಅದ ಅಳಿಯಾರ. ಆದ್ರ ಇದು ಗುದ್ದಂಗಿಲ್ಲ."

ಥಮ್ಸ್ ಅಪ್ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಇದೇ ಒಳ್ಳೆಯದು. ಮಿಕ್ಕ ಪಾನೀಯಗಳು ಬಾಯಿಗೆ ಬಂದು ವಿಚಾರಿಸಿಕೊಂಡು ಹೋಗುತ್ತವೆ, ಇದು ಗುದ್ದುತ್ತದೆ. ನಂಬಿಕೆ ಬಾರದವರು ಪಿಲ್ಲರ್ ಕೆಳಗಿನ ಅಂಗಡಿಯಲ್ಲಿ ನಿಂತು ನೋಡಬೇಕು. ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿ ಓಪನರು ನೇತುಹಾಕಿದ್ದಾರೆ. ಬಾಟಲಿಯ ಕುತ್ತಿಗೆ ಹಿಡಿದು ಮುಚ್ಚಳ ಎಬ್ಬಿಸಿದರೆ 'ಟಪ್' ಎಂಬ ಸದ್ದು, ಬಾಯಲ್ಲಿ ಒಂದೆಳೆ ಬಿಳಿ ಹೊಗೆ. ಬಿಸಿಲಿಗೆ ಬೆಂದುಬಂದ ಡೆಲಿವರಿ ಹುಡುಗ ಹೆಲ್ಮೆಟ್ಟನ್ನು ಹಣೆಗೆ ಸರಿಸಿ, ತಲೆ ಹಿಂದಕ್ಕೆ ಚೆಲ್ಲಿ ಮೂರು ಗುಟುಕು ಎಳೆಯುತ್ತಾನೆ. ನಾಲ್ಕನೆಯದಕ್ಕೆ ಆಗುವುದಿಲ್ಲ. ಕಣ್ಣಲ್ಲಿ ನೀರು ತುಂಬುತ್ತದೆ, ಮೂಗು ಉರಿಯುತ್ತದೆ, ಬಾಟಲಿಯನ್ನು ಎದೆಗೊತ್ತಿಕೊಂಡು ಸುಮ್ಮನೆ ನಿಲ್ಲುತ್ತಾನೆ. ಅಂಗಡಿಯವರು ಅವನನ್ನು ಆ ಹೊತ್ತಿನಲ್ಲಿ ಮಾತಾಡಿಸುವುದಿಲ್ಲ. ಆಮೇಲೆ ಒಳಗೆಲ್ಲೋ ಪಾದದ ಬುಡದಿಂದ ಹೊರಟ ತೇಗು ಬರುತ್ತದೆ. ಪಕ್ಕದಲ್ಲಿದ್ದವರು ಮುಖ ಸಿಂಡರಿಸುವುದು ಹಾಗಿರಲಿ, ಒಂದು ಥರ ಮೆಚ್ಚುಗೆಯಿಂದ ತಲೆದೂಗುತ್ತಾರೆ. ದುಡ್ಡು ಕೊಟ್ಟದ್ದಕ್ಕೆ ರಸೀದಿ ಸಿಕ್ಕಿತು.

ಒಂದು ದಿನ ಅದೇ ಅಂಗಡಿಯಲ್ಲಿ ಬೇರೊಂದು ಕೋಲಾ ಕೇಳಿದೆ. ಭಾಯ್ ಫ್ರಿಜ್ಜಿಗೆ ಕೈ ಹಾಕಲಿಲ್ಲ. "ವೋ ನಕ್ಕೋ ಸಾಬ್, ಪಾನಿ ಪಾನಿ ರೆಹತಾ. ಥಮ್ಸಪ್ಪಿಚ್ ಲೇಲೋ" ಎಂದರು. ಎರಡಕ್ಕೂ ಬೆಲೆ ಒಂದೇ, ಕಂಪನಿಯೂ ಒಂದೇ. ಆದರೂ ಗಿರಾಕಿ ನೀರುನೀರಾಗಿರುವುದನ್ನು ಕುಡಿದು ಕೆಡಬಾರದು ಎಂಬ ಕಾಳಜಿ.

ಈ ಗುದ್ದಿಗೆ ಶಾಸ್ತ್ರವೂ ಇದೆ. ಗುಳ್ಳೆಗಳು ನಾಲಗೆಯ ಮೇಲೆ ಒಡೆಯುವುದರಿಂದ ಚುರುಗುಟ್ಟುತ್ತದೆ ಅಂದುಕೊಂಡಿರುತ್ತೇವೆ, ಹಾಗಲ್ಲ. ನೀರಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡು ಬಾಯಿಯೊಳಗೆ ಆಮ್ಲವಾಗಿ, ನೋವು ತಿಳಿಸುವ ನರಗಳನ್ನು ಕೆಣಕುತ್ತದೆ. ಅಮೆರಿಕದ ಸಂಶೋಧಕರು ಗುಳ್ಳೆಯೇ ಏಳದಷ್ಟು ಒತ್ತಡದ ಕೋಣೆಯಲ್ಲಿ ಜನರನ್ನು ಕೂರಿಸಿ ಸೋಡಾ ರುಚಿ ನೋಡಿಸಿದರು; ಗುಳ್ಳೆ ಇಲ್ಲದಿದ್ದರೂ ಚುರುಕು ಕಡಿಮೆಯಾಗಲಿಲ್ಲ ಎಂದು 2013ರಲ್ಲಿ ಪ್ರಕಟಿಸಿದರು. ಮೆಣಸಿನಕಾಯಿಯ ಖಾರವೂ ಇದೇ ಜಾತಿಯದು, ಅದು ರುಚಿಯಲ್ಲ, ನೋವು. ಗುಂಟೂರು ಮೆಣಸಿನಕಾಯಿಯಲ್ಲಿ ಪಳಗಿದ ಜನಕ್ಕೆ ಸೌಮ್ಯವಾದ ಕೋಲಾ ಯಾಕೆ ಹಿಡಿಸಬೇಕು? ಬಿರಿಯಾನಿ, ಜೊತೆಗೆ ಮಿರ್ಚಿ ಕಾ ಸಾಲನ್, ಎರಡೂ ಸೇರಿ ಹಚ್ಚಿದ ಬೆಂಕಿಯನ್ನು ಆರಿಸಲು ಅಷ್ಟೇ ಗಟ್ಟಿಯಾದ ಇನ್ನೊಂದು ಪೆಟ್ಟು ಬೇಕಾಗುತ್ತದೆ. ರಂಜಾನಿನಲ್ಲಿ ಮೆಹದಿಪಟ್ಟಣಂನಿಂದ ಟೋಲಿಚೌಕಿಯ ತನಕ ಹಲೀಮಿನ ಭಟ್ಟಿಗಳು ಉರಿಯುವಾಗ ನೋಡಿ, ಒಂದು ಕೈಯಲ್ಲಿ ಹಲೀಮಿನ ಬೋಗುಣಿ, ಇನ್ನೊಂದರಲ್ಲಿ ಕಪ್ಪು ಬಾಟಲಿ. ನಾನು ಸಸ್ಯಾಹಾರಿ, ಬಿರಿಯಾನಿಯ ವಿಚಾರದಲ್ಲಿ ನನ್ನದು ವಾಸನೆಯ ಅನುಭವ ಮಾತ್ರ. ಆದರೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಅದರ ಮೇಲೆ ಥಮ್ಸ್ ಅಪ್ ಕುಡಿಯುವ ಮನೆಯಲ್ಲಿ ಬದುಕುತ್ತಿದ್ದೇನಾದ್ದರಿಂದ ಸಾಕ್ಷಿ ಹೇಳುವ ಅರ್ಹತೆ ಇದೆ.

ಇನ್ನು ನಮ್ಮ ಪಾಲಿನ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಥಮ್ಸ್ ಅಪ್ ತೆಲುಗರ ಸ್ವಂತ ಆಸ್ತಿ ಎಂಬ ಹಾಗೆ ಮಾತಾಡುತ್ತಾರೆ. ಕೇಳಿದರೆ ಚಿರಂಜೀವಿ, ಮಹೇಶ್ ಬಾಬು, ವಿಜಯ್ ದೇವರಕೊಂಡ ಎಂದು ಜಾಹೀರಾತಿನ ವಂಶಾವಳಿ ಬಿಚ್ಚುತ್ತಾರೆ. ಅಣ್ಣ ಚಿರಂಜೀವಿ ಇದನ್ನು ಹಿಡಿದರೆ ತಮ್ಮ ಪವನ್ ಕಲ್ಯಾಣ್ ಪೆಪ್ಸಿ ಹಿಡಿದಿದ್ದರು ಎಂಬುದನ್ನು ಮಾತ್ರ ಮನೆತನದ ಗುಟ್ಟಿನಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ನಾನು ದಕ್ಷಿಣ ಕನ್ನಡದವನಾಗಿ ಇದನ್ನು ಸಹಿಸಿಕೊಂಡಿರುವುದು ಹೇಗೆ? 1977ರಲ್ಲಿ ಕೋಕಾ ಕೋಲಾ ದೇಶ ಬಿಡಲು ಕಾರಣರಾದ ಕೈಗಾರಿಕಾ ಮಂತ್ರಿ ಯಾರು? ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಜೈಲಿನಲ್ಲಿದ್ದುಕೊಂಡೇ ಮುಜಫರ್‌ಪುರದಲ್ಲಿ ಚುನಾವಣೆ ಗೆದ್ದು ಬಂದವರು. ವಿದೇಶಿ ವಿನಿಮಯದ ಕಾನೂನಿನಂತೆ ವಿದೇಶಿ ಪಾಲನ್ನು ಶೇಕಡ 40ಕ್ಕೆ ಇಳಿಸಿ, ಸೂತ್ರವನ್ನೂ ಬಿಟ್ಟುಕೊಡಿ ಎಂದರೆ, ಸೂತ್ರ ಮಾತ್ರ ಕೊಡುವುದಿಲ್ಲ ಎಂದು ಕೋಕಾ ಕೋಲಾ ಗಂಟುಮೂಟೆ ಕಟ್ಟಿತು.

ಆಗ ಆ ಜಾಗ ತುಂಬಲು ಸರ್ಕಾರವೇ ಒಂದು ಕೋಲಾ ಮಾಡಿತು. ಹೆಸರು ಡಬಲ್ ಸೆವೆನ್, ಇಸವಿಯದೇ ಹೆಸರು. ಮಾರುವ ಹೊಣೆ ಬ್ರೆಡ್ಡು ಸುಡುತ್ತಿದ್ದ ಸರ್ಕಾರಿ ಮಾಡರ್ನ್ ಬೇಕರೀಸ್‌ನದು. ಅದರ ಸಾರ ಸಿದ್ಧವಾದದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ. ಯೋಚನೆ ಮಾಡಿ: ಓಡಿಸಿದವರು ಮಂಗಳೂರಿನವರು, ಬದಲಿ ಮಾಡಿಕೊಟ್ಟವರು ಮೈಸೂರಿನವರು. ಲೋಕದ ಕೋಲಾ ರಾಜಧಾನಿಯಾಗಲು ಕರ್ನಾಟಕಕ್ಕೆ ಇನ್ನೇನು ಬಾಕಿಯಿತ್ತು? ಗುದ್ದು ಬಾಕಿಯಿತ್ತು. ಸರ್ಕಾರಿ ಪಾನೀಯ ಗುದ್ದುವುದಿಲ್ಲ. ಅದಕ್ಕೆ ಮೇಲಿನವರ ಮಂಜೂರಾತಿ ಬೇಕಾಗುತ್ತದೆ. ಅದೇ ವರ್ಷ ಮುಂಬೈಯ ಪಾರ್ಲೆಯ ಚೌಹಾಣ್ ಸಹೋದರರು ಥಮ್ಸ್ ಅಪ್ ತಂದರು, ಖಾರವಾಗಿ, ಗ್ಯಾಸು ಬಿಗಿದು. ಡಬಲ್ ಸೆವೆನ್ ಕೆಲವು ವರ್ಷ ಏದುಸಿರು ಬಿಟ್ಟು ಮಲಗಿತು. ಮೈಸೂರಿನವರು ಈ ಸೋಲನ್ನು ಎಂದಿನ ಸೌಜನ್ಯದಿಂದ ಮರೆತುಬಿಟ್ಟಿದ್ದಾರೆ.

ಇದನ್ನೆಲ್ಲ ನಾನು ಇಸವಿಸಮೇತ ಮೇಷ್ಟ್ರ ಮುಂದೆ ಮಂಡಿಸಿದೆ. ಅವರು ಪೂರ್ತಿ ಕೇಳಿದರು, ಲೆಕ್ಕ ತಾಳೆ ನೋಡುವವರ ಹಾಗೆ ಕಣ್ಣು ಮುಚ್ಚಿದರು, ಆಮೇಲೆ ಒಂದೇ ಸಾಲು ಹೇಳಿದರು: "ತರಿಮಿಂದಿ ಮೀವಾಡೇ ಸಾರ್. ತಾಗಿಂದಿ ಎವರು?" ಓಡಿಸಿದವನು ನಿಮ್ಮವನೇ, ಕುಡಿದವರು ಯಾರು ಅಂತ! ಉತ್ತರ ಹೊಳೆಯಲಿಲ್ಲ. ನಮ್ಮ ಅತ್ತೆ ಎಂದು ಹೇಳಬಹುದಿತ್ತು, ಆದರೆ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ 1956ರ ಗಡಿ ತಂಟೆ ಮತ್ತೆ ಏಳುತ್ತದೆ.

ಮುಂದಿನ ಕತೆ ಎಲ್ಲರಿಗೂ ಗೊತ್ತು. 1993ರಲ್ಲಿ ಕೋಕಾ ಕೋಲಾ ಮರಳಿ ಬಂತು. ಬರುವಾಗಲೇ ಸುಮಾರು 6 ಕೋಟಿ ಡಾಲರ್ ಕೊಟ್ಟು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ ಎಲ್ಲವನ್ನೂ ಕೊಂಡಿತು. ಕೊಂಡ ಮೇಲೆ ಥಮ್ಸ್ ಅಪ್ಪನ್ನು ಮೂಲೆಗೆ ಸರಿಸಿ ತನ್ನ ಹೆತ್ತ ಮಗುವನ್ನು ಮುಂದೆ ಮಾಡಲು ನೋಡಿತು. ಜನ ಒಪ್ಪಲಿಲ್ಲ, ಥಮ್ಸ್ ಅಪ್ ಬಿಟ್ಟರೆ ಲಾಭ ಪೆಪ್ಸಿಗೆ ಎಂದು ತಿಳಿದಮೇಲೆ ಕಂಪನಿ ತಾನೇ ಅದನ್ನು ಮತ್ತೆ ಅಟ್ಟಕ್ಕೇರಿಸಿತು. 2021ರಲ್ಲಿ ಇದರ ವಾರ್ಷಿಕ ಮಾರಾಟ 100 ಕೋಟಿ ಡಾಲರ್ ದಾಟಿತಂತೆ. ಥಮ್ಸ್ ಅಪ್ ಎಂಬ ಗುಡುಗನ್ನು ಮಾರಿದ ರಮೇಶ್ ಚೌಹಾಣರ ಕೈಯಲ್ಲಿ ಉಳಿದದ್ದು ಬಿಸ್ಲೆರಿ, ಅಂದರೆ ನೀರು. ಅದರಲ್ಲೂ ಅವರು ನಷ್ಟ ಮಾಡಿಕೊಂಡಿಲ್ಲ ಎಂಬುದು ಬೇರೆ ಮಾತು. ಕ್ಯಾಂಪಾ ಕೋಲಾವನ್ನು ರಿಲಯನ್ಸ್ 2023ರಲ್ಲಿ ಗೋರಿಯಿಂದೆಬ್ಬಿಸಿದಾಗ ಮೊದಲು ಇಳಿಸಿದ್ದೂ ಆಂಧ್ರ, ತೆಲಂಗಾಣದಲ್ಲೇ. ಕುಸ್ತಿಯನ್ನು ಅಖಾಡದಲ್ಲೇ ಆಡಬೇಕು ಎಂಬುದು ಅವರಿಗೂ ಗೊತ್ತಿತ್ತು.

ನಮ್ಮ ಮೆಹದಿಪಟ್ಟಣಂ ಬಡಾವಣೆಗೆ ಹೆಸರು ಕೊಟ್ಟ ನವಾಬ್ ಮೆಹದಿ ನವಾಜ್ ಜಂಗ್ ಅವರು 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾಗಿ ಹೋದರು. ಪಾನನಿಷೇಧದ ರಾಜ್ಯ ಅದು. ಹದಿನೇಳು ವರ್ಷ ತಡವಾಗಿ ಹೋಗಿದ್ದರೆ ಊರಿಂದ ಒಂದು ಕ್ರೇಟು ಕಟ್ಟಿಸಿಕೊಂಡು ಹೋಗುತ್ತಿದ್ದರೋ ಏನೋ.

ಉಪ್ಪಿನ ಪ್ರಯೋಗ ಮರೆತೆ. ಅತ್ತೆಯ ಕ್ರಮ ಹೀಗೆ: ಸ್ಟೀಲಿನ ಗಿಲಾಸವನ್ನು ತಾಟಿನಲ್ಲಿ ಇಡಬೇಕು, ಮುಕ್ಕಾಲು ಸುರಿಯಬೇಕು, ಹೆಚ್ಚಿಗೆ ಸುರಿದರೆ ತಾಟು ಕುಡಿಯುತ್ತದೆ. ಅರ್ಧ ನಿಂಬೆಹಣ್ಣು ಹಿಂಡಬೇಕು. ಉಪ್ಪು ಕೊನೆಗೆ. ಚಿಟಿಕೆ ಉಪ್ಪು ಬಿದ್ದದ್ದೇ ಹರಳಿನ ಮೂಲೆಮೂಲೆಯಲ್ಲಿ ಗ್ಯಾಸು ಸೇರಿ ಗುಳ್ಳೆ ಕಟ್ಟಿ, ಕಂದು ನೊರೆ ಸರ್ರನೆ ಏರಿ ಅಂಚು ಮೀರುತ್ತದೆ. ನೊರೆ ಚೆಲ್ಲುವುದಕ್ಕೂ ಬಾಯಿ ಹಚ್ಚುವುದಕ್ಕೂ ನಡುವೆ ಇರುವುದು ಕಣ್ಣು ಮಿಟುಕಿಸುವಷ್ಟು ಸಮಯ, ಅರವತ್ತೆಂಟರ ಅತ್ತೆ ಅದನ್ನು ತಪ್ಪಿಸಿದ್ದಿಲ್ಲ. ಕುಡಿದು, ಗೋಡೆಗೆ ಒರಗಿ, ಕಾಯುತ್ತಾರೆ. ಡರಕಿ ಬಂದಮೇಲೆ "ಹಾಂ, ಈಗ ಹಗುರಾತು" ಅನ್ನುತ್ತಾರೆ. ಹೊರಗೆ ಬಂದದ್ದು ಈಗಷ್ಟೇ ಒಳಗೆ ಹೋದ ಗ್ಯಾಸು, ಹಳೆಯದು ಇದ್ದಲ್ಲೇ ಇದೆ ಎಂದು ವಿವರಿಸಲು ಹೋದೆ. ಮಗಳೂ ನನ್ನ ಪಕ್ಷಕ್ಕೆ ಬಂದು ಬಾಟಲಿಯ ಲೇಬಲ್ಲು ಓದಿದಳು: "ಅಜ್ಜಿ, ಆಮ್ಲ 338, ಅಂದ್ರೆ ಫಾಸ್ಫಾರಿಕ್ ಆಸಿಡ್. ಬಣ್ಣ 150ಡಿ. ಕೆಫೀನ್ ಇದೆ. ಸಕ್ಕರೆ ಅಂತೂ ಕೇಳ್ಬೇಡ." ಅತ್ತೆ ಗಿಲಾಸದ ತಳದಲ್ಲಿ ಉಳಿದದ್ದನ್ನೂ ಮುಗಿಸಿ ಹೇಳಿದರು: "ಅಷ್ಟೆಲ್ಲಾ ಓದಿ ಕುಡುದ್ರ ನೀರೂ ಗಂಟಲದಾಗ ಇಳಿಯಂಗಿಲ್ಲವ್ವ."

ಮಗಳು ಹೇಳಿದ್ದೇ ಸರಿ. ದಿನಾ ಕುಡಿಯುವ ಪದಾರ್ಥ ಇದಲ್ಲ, ಔಷಧಿ ಮೊದಲೇ ಅಲ್ಲ. ಆದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಮೆಹದಿಪಟ್ಟಣಂನಲ್ಲಿ ಬಸ್ಸಿಗೆ ಕಾಯುವ ಪ್ರಸಂಗ ನಿಮಗೆ ಬಂದರೆ, ಒಂದು ಸಲಕ್ಕೆ ಅಡ್ಡಿಯಿಲ್ಲ. ಗಾಜಿನ ಬಾಟಲಿಯದ್ದೇ ಕೇಳಿ. ಪ್ಲಾಸ್ಟಿಕ್ಕಿನ ಗೋಡೆಯಿಂದ ಗ್ಯಾಸು ಮೆಲ್ಲಮೆಲ್ಲನೆ ಸೋರಿಹೋಗುತ್ತದೆ, ಗುದ್ದು ಅರ್ಧವಾಗಿರುತ್ತದೆ. ಬಿಳಿ ಅಂಗಿ ಹಾಕಿದ್ದರೆ ಉಪ್ಪಿನ ತಂಟೆಗೆ ಹೋಗಬೇಡಿ. ಸಕ್ಕರೆ ಕಾಯಿಲೆ ಇದ್ದವರು ಪಕ್ಕದವರು ತೇಗುವ ತನಕ ನಿಂತಿದ್ದು ಹೋದರೂ ಸಾಕು, ಅದಕ್ಕೆ ಭಾಯ್ ದುಡ್ಡು ಕೇಳುವುದಿಲ್ಲ.