ಸ್ವಂತ ಬಲದಿಂದ ಮೇಲೆ ಬಂದವರ ಜೊತೆ ಒಂದಿಷ್ಟು ಮಾತು

ಸಿಲಿಕಾನ್ ಬಿಲ್ಲೆಯ ಮೇಲೆ ಸುಮಾರು 40 ನ್ಯಾನೋಮೀಟರ್ ದಪ್ಪಕ್ಕೆ ಹರಡಿಕೊಂಡಿರುವ ಬ್ಲಾಕ್ ಕೋಪಾಲಿಮರ್ ಪದರವು ಸಂದರ್ಶನಕ್ಕೆ ಒಂದು ಷರತ್ತು ಹಾಕಿತ್ತು: ‘ಯಾರ ಹಂಗೂ ಇಲ್ಲದೆ ಬೆಳೆದವರು’ ಎಂದೇ ಬರೆಯಬೇಕು. ಮೈಕ್ ಬದಲು ಪರಮಾಣು ಬಲ ಸೂಕ್ಷ್ಮದರ್ಶಕದ ಸೂಜಿ ಹಿಡಿದೆವು.

ನಿಮ್ಮ ಮನೆತನ?

ಎರಡು ಕವಲು. ಪಾಲಿಸ್ಟೈರೀನ್ ಥರ್ಮೋಕೋಲ್ ವಂಶದವನು, ಪಿಎಂಎಂಎ ಅಕ್ರಿಲಿಕ್ ಹಾಳೆಯ ಕಡೆಯವನು. ಒಬ್ಬರಿಗೊಬ್ಬರು ಆಗಿಬರಲ್ಲ.

ಬೇರೆಯಾಗಬಹುದಿತ್ತಲ್ಲ?

ಹೇಗ್ರೀ? ಪ್ರತಿ ಅಣುವಿನಲ್ಲೂ ಇಬ್ಬರ ತುದಿಗೂ ರಾಸಾಯನಿಕ ಗಂಟು ಬಿದ್ದಿದೆ. ಅದಕ್ಕೇ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದೇ ಸೂರಿನಡಿ ಗೋಡೆ ಎಬ್ಬಿಸಿಕೊಂಡಿದ್ದೀವಿ. 28 ನ್ಯಾನೋಮೀಟರಿಗೆ ಒಂದು ಜೋಡಿ ಕೋಣೆ. ಎಲ್ಲಾ ನಮ್ಮದೇ ಕೈಕೆಲಸ.

ಒಲೆಯಲ್ಲಿ ಇಟ್ಟಿದ್ದರಂತಲ್ಲ?

ಅದೊಂದು 200 ಡಿಗ್ರಿ ದಾಟಿದ ಶಾಖ, ಅಷ್ಟೆ. 100ರ ಕೆಳಗೆ ನಾವು ಗಾಜಾಗಿ ಸೆಟೆದಿರ್ತೀವಿ, ಕೈಕಾಲು ಆಡಲ್ಲ.

ಕೆಳಗಿನ ಹಾಸು?

(ಗಂಟಲು ಸರಿಮಾಡಿಕೊಂಡು) ಬರೀ ಆಕ್ಸೈಡ್ ಮೇಲೆ ಬಿಟ್ಟರೆ ಪಿಎಂಎಂಎ ನೆಲಕ್ಕೆ ಅಂಟಿಕೊಳ್ತಾನೆ, ಪಾಲಿಸ್ಟೈರೀನ್ ಗಾಳಿಗೆ ಮುಖ ಒಡ್ತಾನೆ. ಪದರಗಳೆಲ್ಲ ಮಲಗಿಬಿಡ್ತವೆ. ದಪ್ಪ ಲೆಕ್ಕಕ್ಕೆ ಕೂಡದಿದ್ದರೆ ಮೈತುಂಬ ದಿಬ್ಬ, ಗುಂಡಿ. ಗುಂಡಿಗೂ ಶಿಸ್ತಿದೆ ಅನ್ನಿ, ಆಳ ಸರಿಯಾಗಿ ಒಂದು ಜೋಡಿ ಕೋಣೆಯಷ್ಟು! 1997ರಲ್ಲಿ ಮ್ಯಾನ್ಸ್ಕಿ, ರಸೆಲ್, ಹಾಕರ್ ಮುಂತಾದವರು ಎರಡೂ ಕಡೆಯ ತುಣುಕುಗಳನ್ನು ಅಡ್ಡಾದಿಡ್ಡಿ ಬೆರೆಸಿದ ಪಾಲಿಮರ್ ಹಾಸಿದರು. ನೆಲ ಯಾರ ಪಕ್ಷವನ್ನೂ ವಹಿಸದಿದ್ದಾಗ ಎದ್ದು ನಿಂತೆವು.

ನೇರ ಸಾಲಿನಲ್ಲಿ?

ಹೆಬ್ಬೆಟ್ಟಿನ ಗುರುತಿನ ಹಾಗೆ, ಸುರುಳಿಸುರುಳಿಯಾಗಿ. ಅದು ನಮ್ಮ ಶೈಲಿ.

ಚಿಪ್ ಕಾರ್ಖಾನೆಯಲ್ಲಿ ಹೆಬ್ಬೆಟ್ಟು ನಡೆಯುತ್ತದೆಯೇ?

ನಡೆಯಲ್ಲ. ಅದಕ್ಕೇ 2003ರ ಹೊತ್ತಿಗೆ ವಿಸ್ಕಾನ್ಸಿನ್‌ನ ಪಾಲ್ ನೀಲಿಯವರ ತಂಡ ನೆಲದ ಮೇಲೆ ರಾಸಾಯನಿಕ ಗೆರೆ ಬರೆದಿಟ್ಟಿತ್ತು. ಆ ಗೆರೆ ಹಿಡಿದು ಸಾಲಾದೆವು.

ಅಂದರೆ ಶಾಖ ಅವರದು, ಹಾಸು ಅವರದು, ಗೆರೆಯೂ ಅವರದು. ನಿಮ್ಮದು?

ಸ್ವಂತ ಬಲ! ಬರಕೊಂಡ್ರಾ?

ಈಗೇನು ಕೆಲಸ?

13.5 ನ್ಯಾನೋಮೀಟರ್ ಬೆಳಕಿನಲ್ಲಿ ಗೆರೆ ಕೊರೆಯುವ ಭಾರೀ ಯಂತ್ರ ಬಂತಲ್ಲ, ನಮಗೆ ಕಾದಿದ್ದ ಕುರ್ಚಿಯಲ್ಲಿ ಅದೇ ಕೂತಿದೆ. ಅದರ ಗೆರೆಗಳ ಅಂಕುಡೊಂಕು ತಿದ್ದೋಕೆ ನಮ್ಮನ್ನು ಕರೆದು ನೋಡ್ತಿದ್ದಾರೆ.

ಕೊನೆಗೆ ಚಿಪ್ಪಿನಲ್ಲಿ ನಿಮ್ಮ ಪಾಲು?

ಪಿಎಂಎಂಎಯನ್ನು ಮೊದಲೇ ಕಿತ್ತು ತೆಗೀತಾರೆ. ಪಾಲಿಸ್ಟೈರೀನ್ ವಿನ್ಯಾಸವನ್ನು ಕೆಳಗಿನ ಪದರಕ್ಕೆ ದಾಟಿಸಿದ ಮೇಲೆ, ಅವನನ್ನೂ ಆಕ್ಸಿಜನ್ ಪ್ಲಾಸ್ಮಾದಲ್ಲಿ ಸುಟ್ಟು ಹಾಕ್ತಾರೆ. ಫೋಟೋ ಬೇಕಿದ್ದರೆ ಈಗಲೇ ತೆಗೆದುಕೊಂಡುಬಿಡಿ.