‘ಒಳಗೆ ಏನೂ ಇಲ್ಲ ಅಂತ ನಾನು ಹೇಳೋ ಹಾಗಿಲ್ಲ’

ಇನ್‌ಬಾಕ್ಸಿನ ‘ಪ್ರಮೋಷನ್ಸ್’ ವಿಭಾಗದಲ್ಲಿ, ಒಂದು ಚಪ್ಪಲಿ ಕಂಪನಿಗೂ ಒಂದು ವಿಮಾ ಕಂಪನಿಗೂ ನಡುವೆ ಇಕ್ಕಟ್ಟಿನಲ್ಲಿ ಕೂತಿದ್ದ ಮಾರ್ಕೆಟಿಂಗ್ ಇಮೇಲಿನ ಸಬ್ಜೆಕ್ಟ್ ಲೈನ್ ನಮ್ಮ ಜೊತೆ ಮಾತಿಗೆ ಒಪ್ಪಿತು.

ಪ್ರ: ನಮಸ್ಕಾರ. ಹೇಗಿದ್ದೀರಿ?

ಉ: (ಎರಡು ಬೆಂಕಿ ಇಮೋಜಿಗಳ ನಡುವಿನಿಂದ) ಕೊನೆಯ ಅವಕಾಶ! ಇವತ್ತು ರಾತ್ರಿ 12ರವರೆಗೆ ಮಾತ್ರ!! ...ಕ್ಷಮಿಸಿ, ಅಭ್ಯಾಸಬಲ. ಚೆನ್ನಾಗಿದ್ದೀನಿ.

ಪ್ರ: ನಿನ್ನೆಯೂ ಕೊನೆಯ ಅವಕಾಶ ಅಂದಿದ್ದಿರಿ.

ಉ: ನಾಳೆಯೂ ಅಂತೀನಿ. ಯುಗಾದಿಗೆ ಶುರುವಾದ ಕೊನೆಯ ಅವಕಾಶ ದೀಪಾವಳಿಗೂ ಮುಗಿಯೋದಿಲ್ಲ. ಮಧ್ಯೆ ಆಷಾಢದ ಸೇಲ್ ಬೇರೆ.

ಪ್ರ: ನಿಮ್ಮ ಮನೆತನದ ಬಗ್ಗೆ ಹೇಳಿ.

ಉ: ಮರ್ಯಾದಸ್ಥರ ಮನೆತನ ಸ್ವಾಮಿ. ಅರ್ಜಿಗಳಲ್ಲಿ ‘ಮಾನ್ಯರೇ’ ಕೆಳಗೆ ‘ವಿಷಯ:’ ಅಂತ ಕೂರುತ್ತಿದ್ದರಲ್ಲ, ಅವರು ನಮ್ಮ ದೊಡ್ಡಪ್ಪ. ‘ವಿಷಯ: ಬೀದಿದೀಪ ದುರಸ್ತಿ ಕೋರಿ’ ಅಂದರೆ ಒಳಗೆ ಬೀದಿದೀಪವೇ ಇರುತ್ತಿತ್ತು. ಗುಮಾಸ್ತರು ಅಷ್ಟನ್ನೇ ಓದಿ, ಯಾವ ಟೇಬಲ್ಲಿಗೆ ಹೋಗಬೇಕು ಅಂತ ಗುರುತು ಹಾಕುತ್ತಿದ್ದರು. ದೀಪ ಹತ್ತುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ದೊಡ್ಡಪ್ಪ ಮಾತ್ರ ಸುಳ್ಳು ಹೇಳಿದವರಲ್ಲ.

ಪ್ರ: ನೀವು?

ಉ: ದೊಡ್ಡಪ್ಪಂದು ಸರ್ಕಾರಿ ನೌಕರಿ, ನಂದು ಟಾರ್ಗೆಟ್ ನೌಕರಿ. ಅದು ಶುರುವಾದದ್ದು ಹೀಗೆ: 1978ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಅನ್ನುವವರು ಇಂಟರ್ನೆಟ್ಟಿನ ಹಿರಿಯಜ್ಜನಾದ ಅಮೆರಿಕದ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಒಟ್ಟಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದರು. ಬೈಗುಳವೂ ಸಿಕ್ಕಿತು, ವ್ಯಾಪಾರವೂ ಆಯಿತು. ಆಮೇಲೆ ಬಂದ ಕಂಪನಿಗಳು ಎರಡನೆಯದನ್ನಷ್ಟೇ ನೆನಪಿಟ್ಟುಕೊಂಡವು.

ಪ್ರ: ಈಗೀಗ ತುಂಬ ಸಲುಗೆ ತೋರಿಸುತ್ತೀರಿ. ‘ಹೇ’ ಅಂತ ಕರೆಯುತ್ತೀರಿ.

ಉ: ಅದು ಅಮೆರಿಕದ ಅಧ್ಯಕ್ಷ ಒಬಾಮ ಕಾಲದ್ದು. 2012ರ ಚುನಾವಣೆಯಲ್ಲಿ ಅವರ ಕಡೆಯವರು ಒಂದೇ ಪತ್ರಕ್ಕೆ ಹಲವು ಸಬ್ಜೆಕ್ಟ್ ಲೈನ್ ಬರೆದು, ಮೊದಲು ಸ್ವಲ್ಪ ಜನರ ಮೇಲೆ ಪ್ರಯೋಗಿಸಿ, ಗೆದ್ದದ್ದನ್ನು ಉಳಿದವರಿಗೆ ಕಳಿಸುತ್ತಿದ್ದರು. ‘ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ’ ಅನ್ನುವ ಅರ್ಥದ ಒಂದು ಸಾಲು 26 ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ತಂತು. ಬರೀ ‘ಹೇ’ ಅಂದದ್ದೂ ಚೆನ್ನಾಗಿ ಓಡಿತು. ಅಧ್ಯಕ್ಷರು ‘ಹೇ’ ಅಂದರೆ ಕುತೂಹಲ. ಸಾಲ ಕೊಟ್ಟ ಬ್ಯಾಂಕು ‘ಹೇ’ ಅಂದರೆ ಎದೆ ಧಸಕ್ಕನ್ನುತ್ತೆ. ಇದನ್ನು ನಮ್ಮ ಮ್ಯಾನೇಜರಿಗೆ ಹೇಳುವವರು ಯಾರು?

ಪ್ರ: ಹೆಸರು ಹಿಡಿದು ಕರೆಯುವುದೂ ಉಂಟು.

ಉ: ಅದೊಂದು ಅವಾಂತರ. ನಿಮ್ಮ ಕಡೆ ಹೆಸರಿನ ಮುಂದೆ ಊರು, ಅಪ್ಪ ಎಲ್ಲ ಬರುತ್ತಾರೆ. ಯಾರೋ ಪುಣ್ಯಾತ್ಮರು ಇನಿಷಿಯಲ್ ಬಿಡಿಸಿ ಬರೆದಿದ್ದರು. ನಾನು ಹೋಗಿ, ‘ಹೊಳೆನರಸೀಪುರ, ಈ ಸೀರೆ ನಿಮಗೆ ತುಂಬ ಒಪ್ಪುತ್ತೆ!’ ಅಂದೆ.

ಪ್ರ: ನಾವು ಬರೆಯದ ಪತ್ರಕ್ಕೆ ‘ರೀ:’ ಅಂತ ಉತ್ತರ ಕೊಡುತ್ತೀರಲ್ಲ?

ಉ: ನಾಚಿಕೆಯಾಗುತ್ತೆ. ಅಮೆರಿಕದಲ್ಲಿ ದಾರಿ ತಪ್ಪಿಸುವ ಸಬ್ಜೆಕ್ಟ್ ಲೈನ್ ಹಾಕಬಾರದು ಅಂತ 2003ರಲ್ಲೇ ಕಾನೂನು ಬಂತು. ಆದರೂ ಈ ಚಾಳಿ ಹೋಗಿಲ್ಲ. ತೆರೆದವರ ಲೆಕ್ಕ ಏರಿದರೆ ಸಾಕು. ತೆರೆದವರು ಶಾಪ ಹಾಕಿದರೆ ಅದು ಕಸ್ಟಮರ್ ಕೇರ್ ವಿಭಾಗಕ್ಕೆ ಬಿಟ್ಟದ್ದು.

ಪ್ರ: ತೆರೆದರು ಅಂತ ಹೇಗೆ ತಿಳಿಯುತ್ತೆ?

ಉ: ಪತ್ರದೊಳಗೆ ಕಣ್ಣಿಗೆ ಕಾಣದಂಥ ಚುಕ್ಕೆಯಷ್ಟು ಚಿತ್ರ ಅಡಗಿಸಿರುತ್ತಾರೆ. ಅದು ಲೋಡ್ ಆದರೆ ತೆರೆದ ಲೆಕ್ಕ. 2021ರಲ್ಲಿ ಆಪಲ್ ಗ್ರಾಹಕರ ಗೋಪ್ಯತೆ ಕಾಯುವ ಸೌಲಭ್ಯ ತಂದು, ಅದನ್ನು ಆರಿಸಿಕೊಂಡವರ ಪತ್ರಗಳಲ್ಲಿನ ಚಿತ್ರಗಳನ್ನೆಲ್ಲ ಅವರು ನೋಡುವ ಮೊದಲೇ ತಾನೇ ಲೋಡ್ ಮಾಡತೊಡಗಿತು. ಅಲ್ಲಿಂದ ಗೊರಕೆ ಹೊಡೆಯುವವರೂ ನನ್ನನ್ನು ತೆರೆಯುತ್ತಿದ್ದಾರೆ. ಮೀಟಿಂಗಿನಲ್ಲಿ ಗ್ರಾಫ್ ಏರಿತು, ಚಪ್ಪಾಳೆ ಬಿತ್ತು. ನಾನೂ ಬಾಯಿ ಬಿಡಲಿಲ್ಲ.

ಪ್ರ: ಹಾಗಾದರೆ ನಿಜವಾಗಿ ತೆರೆಸಿಕೊಳ್ಳುವವರು ಯಾರು?

ಉ: ‘ನಿಮ್ಮ ಟಿಕೆಟ್ ಕನ್ಫರ್ಮ್ ಆಗಿದೆ.’ ‘ನಿಮ್ಮ ಆರ್ಡರ್ ಇವತ್ತು ತಲುಪಲಿದೆ.’ ಬೆಂಕಿಯಿಲ್ಲ, ರಾಕೆಟ್ಟಿಲ್ಲ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊಬೈಲ್ ಪರದೆ ಮೂವತ್ತು ನಲವತ್ತು ಅಕ್ಷರಕ್ಕೇ ನನ್ನ ಬಾಲ ಕತ್ತರಿಸುತ್ತೆ. ಅವರು ಅಷ್ಟರೊಳಗೆ ಹೇಳಬೇಕಾದ್ದು ಹೇಳಿರುತ್ತಾರೆ. ನಾನಿನ್ನೂ ‘ನೀವು ನಂಬಲಾರದಂಥ ಅದ್ಭುತ’ ದಾಟಿರುವುದಿಲ್ಲ.

ಪ್ರ: ನೀವೂ ಹಾಗೇ ನೇರವಾಗಿ ಹೇಳಬಹುದಲ್ಲ?

ಉ: ಹೇಳೋದಕ್ಕೆ ಒಳಗೆ ಏನಾದರೂ ಇರಬೇಕಲ್ಲ ಸ್ವಾಮಿ! ವಾರಕ್ಕೆ ಮೂರು ಪತ್ರ ಹೋಗಲೇಬೇಕು ಅಂತ ಕ್ಯಾಲೆಂಡರ್ ಮೊದಲೇ ತಯಾರಾಗಿರುತ್ತೆ. ಸುದ್ದಿ ಹುಡುಕೋದು ಆಮೇಲೆ. ಸಿಗದಿದ್ದ ದಿನ ನನ್ನ ತಲೆಗೆ ಬೆಂಕಿ ಇಮೋಜಿ ಹಚ್ಚಿ ಕಳಿಸುತ್ತಾರೆ. ‘ಶೇ. 10 ರಿಯಾಯಿತಿ, ಹತ್ತಿ ಅಂಗಿಗೆ, ಭಾನುವಾರದವರೆಗೆ’ ಅಂತ ಸತ್ಯ ಬರೆಯಿರಿ ಅಂದೆ. ‘ಪಂಚ್ ಇಲ್ಲ’ ಅಂದರು.

ಪ್ರ: ಓದುಗರಿಗೆ ಏನಾದರೂ ಹೇಳುತ್ತೀರಾ?

ಉ: ಹೇಳಿದೆ ಅಂತ ಕಂಪನಿಗೆ ತಿಳಿಸಬೇಡಿ. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಜಿಮೇಲಿಗೆ ಕಳಿಸುವವರ ಮೇಲೆ ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಅಂತ ಗೂಗಲ್ 2024ರಿಂದ ನಿಯಮ ಮಾಡಿದೆ. ಅಂದರೆ ಸಾವಿರಕ್ಕೆ ಮೂರು ಜನ ‘ಸ್ಪ್ಯಾಮ್’ ಒತ್ತಿದರೂ ನಮ್ಮ ಕಂಪನಿಯ ಮ್ಯಾನೇಜರಿಗೆ ನಿದ್ದೆ ಬರೋದಿಲ್ಲ. ದಯವಿಟ್ಟು ಒತ್ತಿ.